ಹನ್ನೊಂದು ರಾಜರ ಕೈಕೆಳಗೆ ಸತ್ತವರು

ಮೇಸ್ತ್ರಿಯ ಹಣೆಯ ಮೇಲೆ ಒಂದು ಗೆರೆ ಇತ್ತು. ಹುಬ್ಬಿನಿಂದ ಎರಡು ಬೆರಳು ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ದಾರ ಬಿಗಿದು ಕಟ್ಟಿ ಬಿಚ್ಚಿದಂತೆ ಒಳಕ್ಕಿಳಿದ ಗೆರೆ. ಅಲ್ಲಿನ ಚರ್ಮ ಮಿಕ್ಕ ಮುಖಕ್ಕಿಂತ ಬಿಳಿಚಿಕೊಂಡಿತ್ತು. ಬೆವರು ಅದರೊಳಗೇ ಹರಿದು ಕಿವಿಯ ಪಕ್ಕದಿಂದ ಇಳಿಯುತ್ತಿತ್ತು. ಇಪ್ಪತ್ತು ವರ್ಷ ತಗಡಿನ ಶಿರಸ್ತ್ರಾಣ ಹಾಕಿಕೊಂಡು ಬಿಸಿಲಲ್ಲಿ ನಿಂತದ್ದರ ಗುರುತು ಅದು. ನೋಡಿದವರು ಏನೋ ಆಪರೇಷನ್ ಆಗಿರಬೇಕು ಅಂದುಕೊಳ್ಳುತ್ತಿದ್ದರು. ಕೇಳಿದರೆ ಅವರು ಮುಖ ಗಂಭೀರ ಮಾಡಿಕೊಂಡು, "ಯುದ್ಧದಾಗ ಆಗಿದ್ದು" ಎನ್ನುತ್ತಿದ್ದರು.

ಸುಳ್ಳೇನಲ್ಲ. ಹೈದರಾಬಾದಿನ ಹೊರವಲಯದ ಸೆಟ್ಟುಗಳಲ್ಲಿ, ಪ್ಲೈವುಡ್ ಕೋಟೆಗಳ ಮುಂದೆ ಅವರು ಮಾಡದ ಯುದ್ಧವಿಲ್ಲ. ಸಿನಿಮಾಗಳಿಗೆ ಸೈನಿಕರನ್ನು ಒದಗಿಸುವುದು ಅವರ ಕಸುಬು. ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು, ಕಟ್ಟಡದ ಮೇಸ್ತ್ರಿಯಾಗಿ ಬೆಳೆದವರು. ಒಂದು ಬೆಳಿಗ್ಗೆ ಸಿನಿಮಾದವರು ಕೂಕಟ್‌ಪಲ್ಲಿಯ ಕೂಲಿ ಅಡ್ಡಾಕ್ಕೆ ಬಂದು ಐವತ್ತು ಗಟ್ಟಿ ಆಳು ಬೇಕು ಎಂದಾಗ ತಮ್ಮ ಗ್ಯಾಂಗನ್ನೇ ಲಾರಿ ಹತ್ತಿಸಿದರಂತೆ. ಕಟ್ಟಡ ಬಿಟ್ಟರೂ ಮೇಸ್ತ್ರಿ ಎಂಬ ಹೆಸರು ಬಿಡಲಿಲ್ಲ. ನಾನು ಕಾಕಾ ಎನ್ನುತ್ತಿದ್ದೆ. ಸಿಟ್ಟು ಬಂದಾಗ ಇವತ್ತಿಗೂ ನನ್ನ ಬಾಯಿಗೆ ಏಕವಚನ ಬರುತ್ತದೆ, ಆದರೆ ಬರೆಯುವಾಗ ಕೈ ಕೇಳುವುದಿಲ್ಲ.

ಆಗ ನಾನು ಸೇಡಂ ಕಡೆಯಿಂದ ಐಟಿಐ ಮುಗಿಸಿ ಬಂದವನು. ಅವ್ವನನ್ನೂ ಕರೆತಂದು ಕೂಕಟ್‌ಪಲ್ಲಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ನಾಚಾರಂನ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ಮೇಲೆ ಕೆಲಸ. ಪಕ್ಕದ ಖೋಲಿಯ ಸಾಬಣ್ಣ ಮೇಸ್ತ್ರಿಯ ಗ್ಯಾಂಗಿನವನು. ಒಂದು ಭಾನುವಾರ ಸೈನ್ಯಕ್ಕೆ ಒಬ್ಬ ಕಡಿಮೆ ಬಿದ್ದನೆಂದು ನನ್ನನ್ನು ಎಳೆದುಕೊಂಡು ಹೋದ. ಮೇಸ್ತ್ರಿ ನನ್ನ ಭುಜ ಒತ್ತಿ ನೋಡಿ, "ಬಿಸಲಾಗ ಎಷ್ಟು ತಾಸು ನಿಂದರ್ತಿ?" ಎಂದರು.

"ನೀವು ಹೇಳಿದಷ್ಟು" ಅಂದೆ.

"ಹಂಗ ಯಾವತ್ತೂ ಅನ್ನಬ್ಯಾಡ ತಮ್ಮಾ. ಎಷ್ಟು ತಾಸು ಅಂತ ಮೊದಲ ನೀನ ಕೇಳು. ಆಮ್ಯಾಲ ಹೂಂ ಅನ್ನು."

ಅವತ್ತಿನಿಂದ ಭಾನುವಾರಗಳೆಲ್ಲ ಅವರ ಪಾಲಾದವು. ಸಾಯುವುದನ್ನು ಅಷ್ಟು ಪ್ರೀತಿಯಿಂದ ಕಲಿಸಿದ ಮನುಷ್ಯ ಇನ್ನೊಬ್ಬರಿರಲಾರರು. "ನೆಳ್ಳು ನೋಡ್ಕೊಂಡು ಬೀಳ್ರಿ. ಬಿದ್ದ ಮ್ಯಾಲ ಎರಡು ತಾಸು ಏಳಾಕ ಬಿಡಂಗಿಲ್ಲ." "ಕುದುರಿ ಬರೂ ದಾರಿ ಬಿಟ್ಟು ಸಾಯ್ರಿ." "ಹೊಟ್ಟಿ ಬಿರಿಯಾ ಉಂಡು ಬಾಣ ಹೊಡಿಸ್ಕೋಬ್ಯಾಡ್ರಿ, ಹೆಣ ತೇಗಿದ್ರ ಡೈರೆಕ್ಟರ್ ಬೈತಾನ." ಶಿರಸ್ತ್ರಾಣದೊಳಗೆ ಇಡಲು ಹಳೆಯ ಧೋತರದ ಚೂರುಗಳನ್ನು ಒಗೆದು, ಮಡಿಚಿ ಚೀಲದಲ್ಲಿ ತರುತ್ತಿದ್ದರು. ಎಲ್ಲರಿಗೂ ಒಂದೊಂದು ಹಂಚಿದ ಮೇಲೆ ಅವರಿಗೆ ಉಳಿಯುತ್ತಿರಲಿಲ್ಲ. ಹಣೆಯ ಗೆರೆ ಅಷ್ಟು ಆಳವಾದದ್ದು ಹೀಗೆ.

ಯುದ್ಧದ ಸಿನಿಮಾದಲ್ಲಿ ಹೊರಗಿನವರಿಗೆ ತಿಳಿಯದ ಸಂಗತಿಯೊಂದಿದೆ. ಕ್ಯಾಮೆರಾಕ್ಕೆ ಮುಖ ಕಾಣುವ ಹಾಗೆ ಸತ್ತವನಿಗೆ ಮಾರನೆಯ ದಿನದಿಂದ ಕೆಲಸವಿಲ್ಲ. ಸತ್ತವನು ಮತ್ತೆ ಕತ್ತಿ ಹಿಡಿದು ಓಡಿದರೆ ನೋಡುವವರು ನಗುತ್ತಾರೆ. ದೂರದಲ್ಲಿ ಧೂಳಿನ ನಡುವೆ ಸತ್ತರೆ ಚಿಂತೆಯಿಲ್ಲ, ಮುಂಡಾಸಿನ ಬಣ್ಣ ಬದಲಿಸಿಕೊಂಡು ಶತ್ರುವಿನ ಕಡೆಯಿಂದಲೂ ಬರಬಹುದು. ಹಾಗಾಗಿ ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಮುಖ ತೋರಿಸುವುದು. ತೆರೆಯ ಮೇಲೆ ಕಾಣಬೇಕೆಂಬ ಆಸೆಗೆ ಮುಂದೆ ನುಗ್ಗಿ, ಮೊದಲ ವಾರವೇ ಚೆಂದಾಗಿ ಸತ್ತು, ತಿಂಗಳ ಕೆಲಸ ಕಳೆದುಕೊಂಡು ಅಡ್ಡಾದಲ್ಲಿ ಕೂತವರನ್ನು ನಾನೇ ಕಂಡಿದ್ದೇನೆ.

ಆದರೂ ಯಾರಾದರೂ ಮುಖ ತೋರಿಸಿ ಸಾಯಲೇಬೇಕಲ್ಲ. ಅದಕ್ಕೆ ಮೇಸ್ತ್ರಿ ಪಾಳಿ ಇಟ್ಟಿದ್ದರು. ಬೆಳಿಗ್ಗೆ ಬಸ್ಸು ಹೊರಟ ಕೂಡಲೇ ಎದ್ದು ನಿಂತು, "ಇವತ್ತು ಸಾಯೂ ಪಾಳಿ ಯಾರದ್ದು?" ಎಂದು ಕೂಗುತ್ತಿದ್ದರು. ಪಾಳಿಯವನು ಕೈ ಎತ್ತುತ್ತಿದ್ದ. ಅವನಿಗೆ ಕಿಟಕಿಯ ಸೀಟು, ಮಧ್ಯಾಹ್ನದ ಊಟದಲ್ಲಿ ಮೊದಲ ತಾಟು. ಉಳಿದವರು ಅವನ ಹೆಂಡತಿಗೆ ಏನು ಹೇಳಲಿ, ಯಾವ ಸೀರೆ ಯಾರಿಗೆ ಎಂದು ಕಾಡಿಸುತ್ತ ಬಸ್ಸು ತುಂಬ ನಗು. ಅವನೂ ನಗುತ್ತಲೇ ಬರುತ್ತಿದ್ದ. ಮುಂದಿನ ಸಿನಿಮಾದಲ್ಲಿ ಅವನು ಕೊನೆಯವರೆಗೆ ಬದುಕಿರುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಯ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಊಟದ ಹೊತ್ತಿಗೆ ಕೋಟೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಅವರು ರಾಜರ ವಿಚಾರಣೆ ನಡೆಸುತ್ತಿದ್ದರು. "ಹನ್ನೊಂದು ರಾಜರ ಕೈಕೆಳಗ ಸತ್ತೀನಿ ನಾ" ಎಂದೇ ಶುರು. "ಜನ ಎಲ್ಲಾ ರಾಜರ ಮುಖ ನೋಡ್ತಾರ. ನಾವು ಬೆನ್ನು ನೋಡಿದವರು. ಬೆನ್ನು ಸುಳ್ಳು ಹೇಳಂಗಿಲ್ಲ." ಒಬ್ಬ ರಾಜ ಆವೇಶದಿಂದ ತಾನೇ ಎಲ್ಲರಿಗಿಂತ ಮುಂದೆ ಓಡಿದನಂತೆ. ಜನ ಶಿಳ್ಳೆ ಹಾಕಿದರಂತೆ. ಮೇಸ್ತ್ರಿ ಒಪ್ಪಲಿಲ್ಲ. "ಆಂವಾ ಓಡಿದ, ಸರಿ. ಹಿಂದ ಸಾವಿರ ಮಂದಿ ನಿಂತಾರಲ್ಲ, ಎಡಕ್ಕ ಹೋಗ್ರಿ ಬಲಕ್ಕ ಹೋಗ್ರಿ ಅನ್ನಾವ್ರು ಯಾರು? ಅದು ಶೌರ್ಯ ಅಲ್ಲೋ, ಹುಡುಗಾಟಕಿ." ಇನ್ನೊಬ್ಬ ಯುದ್ಧದ ಹಿಂದಿನ ದಿನ ಸೇನಾಪತಿಯನ್ನು ಬದಲಿಸಿದ. "ಸ್ಲ್ಯಾಬ್ ಹಾಕೂ ದಿನ ಗೌಂಡಿನ್ನ ಬದಲಿ ಮಾಡ್ತಾರೇನೋ ಯಾರಾರ?" ನಾವು ತುತ್ತು ಬಾಯಲ್ಲಿಟ್ಟುಕೊಂಡು ಕೇಳುತ್ತಿದ್ದೆವು. ಕತೆ ಬರೆದವರಿಗೆ ತೋಚದ್ದು ಈ ಮನುಷ್ಯನಿಗೆ ತೋಚುತ್ತದಲ್ಲ ಎಂದು ನನಗೆ ಹೆಮ್ಮೆ.

ಹೀಗಿರುವಾಗ ದೊಡ್ಡದೊಂದು ಸಿನಿಮಾ ಬಂತು. ನಲವತ್ತು ದಿನದ ಯುದ್ಧ. ನಮ್ಮ ಐವತ್ತು ಮಂದಿಯನ್ನು ಕಂಪ್ಯೂಟರಿನಲ್ಲಿ ಐದು ಸಾವಿರ ಮಾಡುತ್ತಾರಂತೆ, ಆದರೆ ಅದೇ ಐವತ್ತು ಮಂದಿ ದಿನವೂ ಬರಬೇಕು. ಭಾನುವಾರದ ಸೈನಿಕ ನಡೆಯುವುದಿಲ್ಲ. ಕಾರ್ಖಾನೆಯಲ್ಲಿ ನಲವತ್ತು ದಿನ ರಜೆ ಕೊಡುವವರು ಯಾರು? ಮೇಸ್ತ್ರಿ ನಮ್ಮ ಖೋಲಿಗೇ ಬಂದರು. ಅವ್ವ ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿದು, "ಕಡೀ ದಿನದ ತನಕ ನೀ ಬದುಕಿರ್ತಿ, ನಾ ಅದೀನಲ್ಲ" ಎಂದರು. "ಇದು ಮುಗೀತಂದ್ರ ನಿನ್ನ ನನ್ನ ಜೋಡಿ ಇಟ್ಕೋತೀನಿ. ನನಗ ತೆಲುಗು ಓದಾಕ ಬರಂಗಿಲ್ಲ, ಮಂದಿ ಹೆಸರು ಬರಿಯಾಕ ಬರಂಗಿಲ್ಲ. ಗ್ಯಾಂಗ್ ನೀನ ನೋಡ್ಕೊಳ್ಳಾಂವ."

ಅವರು ಹೋದ ಮೇಲೆ ಅವ್ವ ಸಿಡಿದಳು. "ಸುಳ್ಳು ಕತ್ತಿ ಹಿಡಿಯೂ ಮಂದಿ ನಂಬಿ ಕಾರ್ಖಾನಿ ಬಿಡ್ತಿ? ಮುಂದಿನ ತಿಂಗಳ ಕಾಯಂ ಮಾಡ್ತಾರ ಅಂದಿದ್ದಿಯಲ್ಲ?"

"ಕಾಕಾ ಹೇಳ್ಯಾರವ್ವ" ಅಂದೆ. ನನಗೆ ಅದೇ ದೊಡ್ಡ ಕಾಗದಪತ್ರವಾಗಿತ್ತು. ಅಪ್ಪ ಇಲ್ಲದ ನನಗೆ, ಊಟ ಆಯ್ತೇನೋ ಎಂದು ದಿನಕ್ಕೊಮ್ಮೆ ಕೇಳುವ ಗಂಡಸು ಸಿಕ್ಕಿದ್ದು ಅವರೊಬ್ಬರೇ. ಸೋಮವಾರ ಹೋಗಿ ಕಾರ್ಖಾನೆ ಬಿಟ್ಟು ಬಂದೆ.

ಆ ಸಿನಿಮಾದ ರಾಜ ಮಹಾಶೂರ. ಕಳೆದುಕೊಂಡ ಕೋಟೆಯನ್ನು ಮತ್ತೆ ಗೆಲ್ಲಬೇಕು. ಅದಕ್ಕಾಗಿ ತನಗೆ ಅತಿ ನಿಷ್ಠರಾದ ಒಂದು ತುಕಡಿಯನ್ನು ಹೊಳೆಬಾಗಿಲಿಗೆ ಕಳಿಸುತ್ತಾನೆ. "ಮುಂದೆ ಹೋಗಿ, ನಿಮ್ಮ ಬೆನ್ನಿಗೆ ನಾನಿದ್ದೇನೆ" ಎನ್ನುತ್ತಾನೆ. ಬೆನ್ನಿಗೆ ಇರುವುದಿಲ್ಲ. ಶತ್ರುಗಳೆಲ್ಲ ಹೊಳೆಬಾಗಿಲಿಗೆ ಓಡಲಿ ಎಂದು ಅವರನ್ನು ಗಾಳದ ಎರೆಯ ಹಾಗೆ ಮುಂದಿಟ್ಟು, ತಾನು ಗುಡ್ಡದ ಕಡೆಯಿಂದ ಒಳಗೆ ನುಗ್ಗಿ ಕೋಟೆ ಗೆಲ್ಲುತ್ತಾನೆ. ತುಕಡಿಯವರೆಲ್ಲ ಸಾಯುತ್ತಾರೆ. ಸಹಾಯಕ ನಿರ್ದೇಶಕ, ಕನ್ನಡಕದ ಎಳೆಯ ಹುಡುಗ, ಮೊದಲ ದಿನ ಕೋಟೆಯ ಮೆಟ್ಟಿಲ ಮೇಲೆ ನಮ್ಮನ್ನು ಕೂಡಿಸಿ ಇದನ್ನು ತೆಲುಗಿನಲ್ಲಿ ಓದಿ ಹೇಳಿದ. ಮೇಸ್ತ್ರಿ ನಮಗೆ ಕನ್ನಡದಲ್ಲಿ ಹೇಳುತ್ತ ಹೇಳುತ್ತ ನಡುವೆ ನಿಂತುಬಿಟ್ಟರು.

"ಈ ರಾಜಾ ಮುಂದ ಸೋಲ್ತಾನ್ರಿ" ಎಂದರು ಆ ಹುಡುಗನಿಗೆ, ತಮ್ಮ ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ.

ಹುಡುಗ ಬೆರಗಾದ. ಕತೆಯ ಕೊನೆಯಲ್ಲಿ ರಾಜ ಸೋಲುವುದನ್ನು ನಮಗೆ ಯಾರೂ ಹೇಳಿರಲಿಲ್ಲ. "ಇದಿ ಸ್ಟ್ರಾಟಜಿ ಮೇಸ್ತ್ರಿ, ಚೆಪ್ತೆ ಎವರು ವೆಳ್ತಾರು?" ಎಂದ. ಹೇಳಿದರೆ ಯಾರು ಹೋಗುತ್ತಾರೆ ಎಂದು.

ಮೇಸ್ತ್ರಿ ನಮ್ಮ ಕಡೆ ತಿರುಗಿದರು. "ಕಳಿಸಿದ್ದು ತಪ್ಪಲ್ಲ. ಯುದ್ಧ ಅಂದ ಮ್ಯಾಲ ಯಾರಾರ ಹೋಗಬೇಕಲ್ಲ. ಹೇಳದ ಕಳಿಸಿದ ನೋಡ್ರಿ, ಅದು ತಪ್ಪು. ನಿಷ್ಠಿ ಇದ್ದ ಮಂದಿ, ಹೇಳಿದ್ರೂ ಹೋಗ್ತಿದ್ರು. ಉಳಿದ ಸೈನ್ಯ ಇದನ್ನ ನೋಡಿರ್ತೈತಿ. ಮುಂದ ಯಾವತ್ತಾರ ಇಂವಾ 'ಹೋಗ್ರಿ, ಬೆನ್ನಿಗಿದೀನಿ' ಅಂದಾಗ ಯಾರೂ ಹೆಜ್ಜಿ ಕೀಳಂಗಿಲ್ಲ." ನಾನು ಚಪ್ಪಾಳೆ ತಟ್ಟಿದೆ. ಸಾಬಣ್ಣನೂ ತಟ್ಟಿದ.

ಇದಾಗಿ ಮೂರನೆಯ ದಿನ ಬಸ್ಸು ಹೊರಟಾಗ ಮೇಸ್ತ್ರಿ ಎದ್ದು ನಿಲ್ಲಲಿಲ್ಲ. ಪಾಳಿ ಕೂಗಲಿಲ್ಲ. ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹಿಂದಿನ ದಿನದ ಬಿಸಿಲಿಗೆ ಎಲ್ಲರೂ ಸುಸ್ತಾಗಿದ್ದಾರೆ ಅಂದುಕೊಂಡೆ. ಸೆಟ್ಟಿಗೆ ಇಳಿದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, ಶಿರಸ್ತ್ರಾಣ ತೆಗೆಸಿ, ತಾವೇ ಮುಂಡಾಸು ಸುತ್ತಿದರು. ಮೇಲಿನಿಂದ ಮೂರು ಸುತ್ತು, ಕಿವಿ ಬಿಟ್ಟು, ಮುಖ ಪೂರ್ತಿ ಕಾಣುವ ಹಾಗೆ.

"ಇವತ್ತು ನೀ ಮುಂದ ನಿಂದರು. ರಾಜನ ಬಲಕ್ಕ."

"ಮುಖ ಕಾಣ್ತೈತಲ್ಲ ಕಾಕಾ?"

"ಕಾಣಲಿ ಬಿಡು. ನಾ ಅದೀನಲ್ಲ."

ಇದಕ್ಕಿಂತ ಹೆಚ್ಚು ಕೇಳುವುದು ನನಗೆ ತೋಚಲಿಲ್ಲ. ಮುಂದೆ ಗ್ಯಾಂಗ್ ನೋಡಿಕೊಳ್ಳುವವನಲ್ಲವೇ, ಅದಕ್ಕೇ ಎಲ್ಲರ ಮುಂದೆ ನನ್ನನ್ನು ನಿಲ್ಲಿಸುತ್ತಿದ್ದಾರೆ ಎಂದು ಎದೆ ಉಬ್ಬಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಮೊದಲ ತಾಟನ್ನು ಮೇಸ್ತ್ರಿ ತಾವೇ ಹಿಡಿದುಕೊಂಡರು. ಯಾರಿಗೂ ಕೊಡಲಿಲ್ಲ, ಉಣ್ಣಲೂ ಇಲ್ಲ. ಅನ್ನ ಒಣಗುತ್ತಿತ್ತು. ಅದನ್ನೂ ನಾನು ನೋಡಿದೆ, ನೋಡಿ ಇನ್ನೊಂದು ಸಲ ಸಾರು ಹಾಕಿಸಿಕೊಂಡೆ.

ಊಟದ ನಂತರದ ಶಾಟ್‌ನಲ್ಲಿ ಓಡಿದೆ. ರಾಜನಿಗೆ ಬಂದ ಬಾಣಕ್ಕೆ ಎದೆ ಕೊಡಬೇಕೆಂದು ಆ ಕನ್ನಡಕದ ಹುಡುಗ ಆಗಷ್ಟೇ ಹೇಳಿದ್ದ. ಮುಖ ತೋರಿಸಿ ಸತ್ತರೂ ಕಾಕಾ ನನ್ನನ್ನು ಉಳಿಸಿಕೊಳ್ಳುತ್ತಾರೆಂದು ನಂಬಿದ್ದೆ. ಕೊಟ್ಟೆ. ರಾಜನ ಕಾಲ ಬಳಿ ಬಿದ್ದೆ. ಕ್ಯಾಮೆರಾ ನನ್ನ ಮುಖದ ಹತ್ತಿರ ಬಂದು, ನನ್ನ ಕಣ್ಣು ಮುಚ್ಚುವವರೆಗೆ ಅಲ್ಲೇ ಇತ್ತು. ಒಂದೇ ಟೇಕಿಗೆ ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಎದ್ದು ಧೂಳು ಕೊಡವಿಕೊಂಡು ನೋಡಿದರೆ ಮೇಸ್ತ್ರಿ ಮಾತ್ರ ಅಲ್ಲಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಡ್ಡಾದಲ್ಲಿ ಬಸ್ಸು ನಿಂತಿತ್ತು. ಮೇಸ್ತ್ರಿ ಎಂದಿನಂತೆ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿ ಹತ್ತಿಸುತ್ತಿದ್ದರು. ನನ್ನ ಸರದಿ ಬಂದಾಗ ಕೈ ಮುಟ್ಟದೆ ಹಿಂದಿನವನ ಭುಜಕ್ಕೆ ಹೋಯಿತು.

"ಕಾಕಾ, ನನ್ನ ಬಿಟ್ರಿ" ಅಂದೆ, ನಗುತ್ತ.

"ನೀ ನಿನ್ನಿ ಸತ್ತೀಯಪಾ" ಎಂದರು. ನನ್ನ ಮುಖ ನೋಡಲಿಲ್ಲ. "ಮನಿಗೆ ಹೋಗು."

ತಮಾಷೆ ಅಂದುಕೊಂಡು ಇನ್ನೂ ನಗುತ್ತಿದ್ದೆ. ಬಸ್ಸು ಹೋಯಿತು. ಮೆಟ್ರೋ ಕಂಬದ ಕೆಳಗೆ, ಗಾರೆ ಬಾಂಡ್ಲಿ ಹಿಡಿದು ಕೂಲಿಗೆ ಕಾಯುತ್ತಿದ್ದವರ ನಡುವೆ ನಾನೊಬ್ಬನೇ ಉಳಿದೆ. ಯುದ್ಧ ಇನ್ನೂ ಮೂವತ್ತಾರು ದಿನ ಇತ್ತು.

ಸಂಜೆ ಸಾಬಣ್ಣನನ್ನು ಬಾಗಿಲಲ್ಲೇ ತಡೆದೆ. ಅವನು ಎಲ್ಲ ಹೇಳಿದ. ರಾಜನಿಗಾಗಿ ಸಾಯುವ ಸೈನಿಕನಿಗೆ ಎಳೆಯ ಮುಖ ಬೇಕು, ನಿಮ್ಮಲ್ಲಿ ಇಲ್ಲದಿದ್ದರೆ ಬೇರೆ ಮೇಸ್ತ್ರಿಯ ಗ್ಯಾಂಗ್ ಕರೆಸುತ್ತೇವೆ ಎಂದು ಸಿನಿಮಾದವರು ಎರಡು ದಿನ ಮೊದಲೇ ಹೇಳಿದ್ದರು. ಗ್ಯಾಂಗಿನಲ್ಲಿ ಎಳೆಯ ಮುಖ ನನ್ನದೊಂದೇ. "ಮೇಸ್ತ್ರಿ ನಮ್ಮನ್ನೆಲ್ಲ ಕೂಡ್ಸಿ, ಅವಗ ಹೇಳಬ್ಯಾಡ್ರಿ ಅಂದ್ರು" ಎಂದ.

"ಅಂದ್ರ ನಿನಗ ಗೊತ್ತಿತ್ತು?"

"ಎಲ್ಲಾರಿಗೂ ಗೊತ್ತಿತ್ತೋ."

ನಲವತ್ತೊಂಬತ್ತು ಮಂದಿಗೆ ಗೊತ್ತಿತ್ತು. ಬಸ್ಸಿನಲ್ಲಿ ಅವರು ಸುಮ್ಮನಿದ್ದದ್ದು ಸುಸ್ತಿಗಲ್ಲ. ಅವತ್ತು ನನಗಾದ ನೋವನ್ನು ಸುತ್ತುಬಳಸಿ ಹೇಳುವ ಆಸೆ ನನಗಿಲ್ಲ. ನನ್ನ ಕೆಲಸ ಹೋಯಿತು, ಹೋಗಲಿ. ಐವತ್ತು ಮಂದಿಯ ಅನ್ನಕ್ಕಾಗಿ ಒಬ್ಬ ಹೊರಗೆ ಬೀಳಬೇಕಿತ್ತು, ಅದೂ ಸರಿ. ನನ್ನನ್ನು ಕರೆದು, "ತಮ್ಮಾ, ಹಿಂಗೈತಿ, ನೀ ಸಾಯಬೇಕಾಗ್ತೈತಿ" ಎಂದಿದ್ದರೆ ನಾನು ಕೈ ಎತ್ತಿ ಕಿಟಕಿಯ ಸೀಟಿನಲ್ಲಿ ಕೂತು, ಎಲ್ಲರಿಂದ ಕಾಡಿಸಿಕೊಂಡು, ನಗುತ್ತ ಹೋಗುತ್ತಿದ್ದೆ. ಆ ಒಂದು ಮಾತಿಗೆ ನಾನು ತಕ್ಕವನಲ್ಲ ಎಂದುಕೊಂಡರಲ್ಲ ಎಂದು ಹೊಟ್ಟೆ ಉರಿಯಿತು. ನಾಲ್ಕು ದಿನದ ಹಿಂದೆ ಕೋಟೆಯ ಮೆಟ್ಟಿಲ ಮೇಲೆ ಕೂತು ಅದೇ ತಪ್ಪನ್ನು ಬಿಡಿಸಿ ಹೇಳಿದ ಬಾಯಿ ಅದು.

ಕಾರ್ಖಾನೆಯಲ್ಲಿ ನನ್ನ ಮಷಿನ್ ಮೇಲೆ ಬೇರೆಯವನು ನಿಂತಿದ್ದ. ವಾಪಸು ತೆಗೆದುಕೊಳ್ಳಲಿಲ್ಲ. ಆರು ತಿಂಗಳು ಸಿಕ್ಕಿದ್ದು ಮಾಡಿದೆ. ಮೇಸ್ತ್ರಿ ಮೂರು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಹೊಸ ಸಿನಿಮಾಕ್ಕೆ ಬಾ ಎಂದು ಸಾಬಣ್ಣನ ಕೈಯಲ್ಲಿ ಹೇಳಿ ಕಳಿಸಿದರು. ಹೋಗಲಿಲ್ಲ.

ಸಿನಿಮಾ ಬಿಡುಗಡೆಯಾದಾಗ ಅವ್ವ ಹಟ ಮಾಡಿ ಕರೆದುಕೊಂಡು ಹೋದಳು. ಆಳೆತ್ತರದ ನನ್ನ ಮುಖ ಪರದೆಯ ತುಂಬ ಬಂತು. ಬಾಣ ಬೀಳುವ ಮೊದಲು ರಾಜನ ಪಕ್ಕ ಓಡುವಾಗ ನಾನು ನಗುತ್ತಿದ್ದೆ. ನಿಜವಾದ ಖುಷಿ ಅದು. ನೋಡುವವರಿಗೆ ಅದು ರಾಜನ ಮೇಲಿನ ಭಕ್ತಿಯಾಗಿ ಕಂಡಿತು, ಹಿಂದಿನ ಸೀಟಿನಲ್ಲಿ ಯಾರೋ ಅತ್ತರು. ಕೊನೆಯ ಯುದ್ಧದಲ್ಲಿ ರಾಜ ಕತ್ತಿ ಎತ್ತಿ "ಹೋಗಿ, ನಿಮ್ಮ ಬೆನ್ನಿಗೆ ನಾನಿದ್ದೇನೆ" ಎಂದಾಗ ಯಾರೂ ಹೆಜ್ಜೆ ಕೀಳಲಿಲ್ಲ. ಮೇಸ್ತ್ರಿ ಹೇಳಿದ ಹಾಗೆಯೇ ಆಯಿತು. ಅವ್ವ ನನ್ನ ಮುಖ ಬಂದಾಗಿನಿಂದ ಕಣ್ಣಿಗೆ ಸೆರಗು ಹಿಡಿದವಳು ಕೊನೆಯವರೆಗೆ ತೆಗೆಯಲಿಲ್ಲ.

ಏಳು ವರ್ಷದ ನಂತರ ಸಾಬಣ್ಣ ಬಂದು, ಮೇಸ್ತ್ರಿಗೆ ಬಹಳ ಆರಾಮಿಲ್ಲ, ನಿನ್ನನ್ನು ಕೇಳುತ್ತಾರೆ ಎಂದ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಅವರ ಮನೆ. ಜೀವಮಾನವಿಡೀ ನುಂಗಿದ ಸಿಮೆಂಟು, ಧೂಳು ಪುಪ್ಪುಸದಲ್ಲಿ ಕೂತಿತ್ತು. ಮಂಚದ ಮೇಲೆ ದಿಂಬಿಗೆ ಒರಗಿ ಕೂತು, ಪ್ರತಿ ಮಾತಿಗೂ ಉಸಿರು ಹುಡುಕುತ್ತಿದ್ದರು. ಅವರ ಹೆಂಡತಿ ಚಹಾ ಇಟ್ಟು ಒಳಗೆ ಹೋದರು. ಸುಖದುಃಖ ಮಾತಾಡಿ ಎದ್ದುಬಿಡಬೇಕೆಂದುಕೊಂಡು ಹೋಗಿದ್ದೆ. ಆಗಲಿಲ್ಲ.

"ಒಂದು ಮಾತು ಕೇಳಬಹುದಿತ್ತಲ್ಲ ಕಾಕಾ? ನಾ ಒಲ್ಲೆ ಅಂತಿದ್ನಾ?"

ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು. ಮರೆತಿರಬೇಕು ಅನ್ನಿಸಿ ಸಿಟ್ಟು ನೆತ್ತಿಗೇರುವಷ್ಟರಲ್ಲಿ ಬಾಯಿ ಬಿಟ್ಟರು.

"ಒಲ್ಲೆ ಅಂತಿದ್ದಿಲ್ಲ. ಗೊತ್ತಿತ್ತು ನನಗ. ಅದಕ್ಕ ಕೇಳಲಿಲ್ಲ."

"ಅಂದ್ರ?"

"ನೀ ಒಲ್ಲೆ ಅಂದಿದ್ರ ಬೈದು ಕಳಸ್ತಿದ್ದೆ. ನನ್ನ ಮುಖ ನೋಡಿ ಹೂಂ ಅಂದ್ಬಿಟ್ಟಿದ್ರ..." ಕೆಮ್ಮು ಬಂತು, ಕೈ ಎತ್ತಿ ನನ್ನನ್ನು ತಡೆದು ಮುಗಿಸಿದರು. "ಕಳಸಾಕ ಆಗ್ತಿದ್ದಿಲ್ಲ ತಮ್ಮಾ ನನ್ನಿಂದ. ಐವತ್ತು ಮಂದಿ ಹೊಟ್ಟಿ ಮ್ಯಾಲ ಬರ್ತಿತ್ತು."

ಕ್ಷಮಿಸಿದೆ ಎಂದು ನಾನು ಅನ್ನಲಿಲ್ಲ, ಅವರು ಕೇಳಲೂ ಇಲ್ಲ. ಹೊರಡುವಾಗ "ಊಟ ಆಯ್ತೇನೋ?" ಎಂದರು. ಇಲ್ಲ ಅಂದೆ. ಉಂಡು ಹೋಗು ಎಂದರು. ಕೂತು ಉಂಡೆ, ಅವರು ನೋಡುತ್ತಿದ್ದರು. ಹದಿನೈದು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಗ್ಯಾಂಗಿನವರೆಲ್ಲ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಅದಕ್ಕೂ ಅವರ ಮೇಲೆಯೇ ಸಿಟ್ಟು ಬಂತು.

ಈಗ ನಾನು ನಾಚಾರಂನಲ್ಲೇ ಇನ್ನೊಂದು ಕಾರ್ಖಾನೆಯಲ್ಲಿ ಎಂಟು ಮಂದಿಯ ಮೇಲೆ ಸೂಪರ್‌ವೈಸರ್. ಕಳೆದ ವರ್ಷ ಮಾಲೀಕರು ಗ್ರೈಂಡಿಂಗ್ ಶೆಡ್ಡಿಗೆ ನಮ್ಮಿಂದ ಒಬ್ಬನನ್ನು ಕಳಿಸಲು ಹೇಳಿದರು. ಅದು ದಿನವಿಡೀ ಲೋಹದ ಧೂಳು ಹಾರುವ ಜಾಗ. ಯಾರಿಗೂ ಬೇಡ. ಆ ಕೆಲಸ ಬರುವವನು ಒಬ್ಬನೇ ಇದ್ದ, ವರಂಗಲ್ ಕಡೆಯವನು. ನನ್ನ ಮನೆಗೆ ಹಬ್ಬಕ್ಕೆ ಬಂದು ಉಣ್ಣುವವನು. ಸುಮ್ಮನೆ ಚೀಟಿ ಬರೆದು ಕೊಡಬಹುದಿತ್ತು, ಆಫೀಸಿನ ಆರ್ಡರ್ ಎನ್ನಬಹುದಿತ್ತು. ಕರೆದು ಕೂಡಿಸಿದೆ. ಅಲ್ಲಿ ಧೂಳು ಎಷ್ಟು, ಎಷ್ಟು ತಿಂಗಳು, ಯಾಕೆ ನೀನೇ ಎಂದು ಎಲ್ಲ ಹೇಳಿ, ಹೋಗುತ್ತೀಯಾ ಎಂದೆ. ಅವನು ನನ್ನ ಮುಖ ನೋಡಿದ. "ಸರೇ ಅನ್ನಾ, ಮೀರು ಚೆಪ್ಪಾರು ಕದಾ" ಎಂದ. ನೀವು ಹೇಳಿದಿರಲ್ಲ ಎಂದು.

ಕಳಿಸಿದೆ. ಅವನು ಚೀಲ ಎತ್ತಿಕೊಂಡು ಅಂಗಳ ದಾಟಿ ಶೆಡ್ಡಿನೊಳಗೆ ಹೋಗುವವರೆಗೆ ನೋಡುತ್ತ ನಿಂತೆ. ಅವತ್ತು ನನಗೆ ಅನ್ನ ಇಳಿಯಲಿಲ್ಲ. ದಿನಕ್ಕೆರಡು ಸಲ ಹೋಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಾನೋ ಇಲ್ಲವೋ ನೋಡಿ ಬರುತ್ತೇನೆ, ಪ್ರತಿ ಸಲವೂ ಅವನು ನಕ್ಕು ಕೈ ಎತ್ತುತ್ತಾನೆ. ಮೇಸ್ತ್ರಿ ಹೇಳಿದ್ದು ನಿಜ. ಕೇಳಿ, ಹೂಂ ಅನ್ನಿಸಿಕೊಂಡು ಕಳಿಸುವುದು ಬಹಳ ಕಷ್ಟ.

ಆದರೆ ಆಗುತ್ತದೆ ಕಾಕಾ. ನಾನು ಮಾಡಿದೆ. ನೀವೂ ಮಾಡಬಹುದಿತ್ತು.